ದೆಹಲಿಯ ಚಳಿಗೆ ಪೂರಕ ಮಾತ್ರೆಗಳು ನೆರವಾಗುತ್ತವೆಯೇ?

ಸಿಂಧನೂರಿನ ಓದುಗ:
ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿಯೇ ಬೆಳೆದ ನನ್ನ ತಂಗಿ ಜನವರಿಯಲ್ಲಿ ದೆಹಲಿಗೆ ಕೆಲಸಕ್ಕೆ ಹೊರಡಲಿದ್ದಾಳೆ. ಇಲ್ಲಿಯ ಡಿಸೆಂಬರ್ ಚಳಿಗೇ ಅವಳ ಕೈಕಾಲು ತಣ್ಣಗಾಗುತ್ತವೆ, ಬೇಗ ಸುಸ್ತಾಗುತ್ತದೆ. ಪರಿಚಯದವರೊಬ್ಬರು ಕಬ್ಬಿಣದ ಮಾತ್ರೆ, ನಯಾಸಿನ್ (ಬಿ3 ವಿಟಮಿನ್) ಹಾಗೂ ಮೆಣಸಿನಕಾಯಿ ಸಾರದ ಕ್ಯಾಪ್ಸೂಲ್ ತೆಗೆದುಕೊಂಡರೆ ಚಳಿ ತಡೆಯಬಹುದು ಎಂದಿದ್ದಾರೆ. ಇದರಲ್ಲಿ ಹುರುಳಿದೆಯೇ?

ಬಳ್ಳಾರಿ, ಪ್ರಯೋಗಾಲಯ ತಂತ್ರಜ್ಞ:
ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕಬ್ಬಿಣದ ಕೊರತೆಯಿದ್ದರೆ ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗುವುದಷ್ಟೇ ಅಲ್ಲ, ದೇಹದ ಶಾಖೋತ್ಪತ್ತಿಯನ್ನು ನಿಯಂತ್ರಿಸುವ ಥೈರಾಯ್ಡ್ ಹಾರ್ಮೋನಿನ ತಯಾರಿಕೆಗೂ ಅಡ್ಡಿಯಾಗುತ್ತದೆ. ಆದ್ದರಿಂದ ಅಂಥವರಿಗೆ ಚಳಿ ಹೆಚ್ಚು ತಟ್ಟುತ್ತದೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದಾದ್ದರಿಂದ ಆ ದಾಸ್ತಾನನ್ನು ತೋರಿಸುವ ಫೆರಿಟಿನ್ ಮತ್ತು ಥೈರಾಯ್ಡ್ ಗ್ರಂಥಿಯ ಕೆಲಸ ಹೇಗಿದೆಯೆಂದು ತೋರಿಸುವ ಟಿಎಸ್‌ಎಚ್ ಪರೀಕ್ಷೆಗಳನ್ನೂ ಮಾಡಿಸಿ. ಕೊರತೆಯೇ ಇಲ್ಲದವರು ಮಾತ್ರೆ ನುಂಗಿದರೆ ಬೆಚ್ಚಗಾಗುವುದಿಲ್ಲ. ಅತಿಯಾದ ಕಬ್ಬಿಣ ದೇಹಕ್ಕೆ ಹಾನಿಕರ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಸೇವಿಸುತ್ತಿದ್ದರೆ ರಕ್ತ ಕೊಡುವ ಮೊದಲೇ ತಿಳಿಸಿ, ಅದು ಥೈರಾಯ್ಡ್ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು.

ಕೊಪ್ಪಳ, ವಿಜ್ಞಾನ ಶಿಕ್ಷಕಿ:
ನಯಾಸಿನ್ ಹೆಚ್ಚಿನ ಪ್ರಮಾಣದಲ್ಲಿ ಮುಖವನ್ನು ಕೆಂಪಾಗಿಸುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಬೆಚ್ಚಗೆ ಅನ್ನಿಸಿದರೂ, ಆ ಹೊತ್ತಿಗೆ ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ. ಮೆಣಸಿನಕಾಯಿಯದೂ ಬಹುಮಟ್ಟಿಗೆ ಇದೇ ಕಥೆ: ಅದರ ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆರಳಿಸುತ್ತದೆ. ಒಗ್ಗರಣೆಯ ಜೊತೆ ಮಿರ್ಚಿ ತಿಂದು ಬೆವರದವರು ನಮ್ಮ ಕಡೆ ಯಾರಿದ್ದಾರೆ? ಬೆವರು ಬರುವುದು ದೇಹವನ್ನು ತಂಪಾಗಿಸಲಿಕ್ಕೆ. ಕ್ಯಾಪ್ಸೈಸಿನ್ ಶಕ್ತಿವ್ಯಯವನ್ನು ತುಸು ಏರಿಸುತ್ತದೆಯಾದರೂ ಆ ಏರಿಕೆ ಸ್ವೆಟರಿನ ಕೆಲಸ ಮಾಡದು. ಚಳಿಯಲ್ಲಿ ದಿನಗಳು ಕಳೆದಂತೆ ಶಾಖ ಉತ್ಪಾದಿಸುವ ಕಂದು ಕೊಬ್ಬು ಚುರುಕಾಗುತ್ತದೆ, ನಡುಕವೂ ಇಳಿಯುತ್ತದೆ. ಅಲ್ಲಿಯವರೆಗೆ ಪದರಪದರವಾಗಿ ಉಡುಪು ಧರಿಸಿ ಹೊಟ್ಟೆತುಂಬ ಊಟ ಮಾಡಲಿ.

ಸಿಂಧನೂರಿನ ಓದುಗ:
ಇಬ್ಬರಿಗೂ ಧನ್ಯವಾದಗಳು. ಅವಳು ಈಗಾಗಲೇ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ) ಮಾತ್ರೆ ಸೇವಿಸುತ್ತಾಳೆಂಬುದನ್ನು ಬರೆಯಲು ಬಿಟ್ಟಿದ್ದೆ.

ಬಳ್ಳಾರಿ, ಪ್ರಯೋಗಾಲಯ ತಂತ್ರಜ್ಞ:
ಹಾಗಾದರೆ ಟಿಎಸ್‌ಎಚ್ ಪರೀಕ್ಷೆ ಮೊದಲು ಆಗಲಿ. ಥೈರಾಕ್ಸಿನ್ ಪ್ರಮಾಣ ಸಾಲದಿದ್ದರೂ ಚಳಿ, ಸುಸ್ತು ಎರಡೂ ಕಾಣಿಸಿಕೊಳ್ಳುತ್ತವೆ. ವೈದ್ಯರು ಕಬ್ಬಿಣ ಬರೆದುಕೊಟ್ಟರೆ ಎರಡು ಮಾತ್ರೆಗಳ ನಡುವೆ ಕನಿಷ್ಠ 4 ಗಂಟೆ ಅಂತರವಿರಲಿ, ಏಕೆಂದರೆ ಕಬ್ಬಿಣವು ಥೈರಾಕ್ಸಿನ್ ಹೀರಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ಬೇಡ, ನಿಂಬೆ ಶರಬತ್ತಿನೊಂದಿಗೆ ತೆಗೆದುಕೊಳ್ಳಬಹುದು.