ಕ್ಯಾರವಾನ್ ಟಾಯ್ಲೆಟ್ ಟ್ಯಾಂಕ್: ಖಾಲಿ ಮಾಡಿದ್ರೂ ಮುಕ್ಕಾಲು ತೋರಿಸ್ತಿದೆ, ನಾತ ಬೇರೆ. ಅನುಭವ ಇರೋರು ಹೇಳಿ

ಮೂಡಿಗೆರೆ ಹೋಂಸ್ಟೇ: ತೋಟದಲ್ಲಿ ಒಂದು ಕ್ಯಾರವಾನ್ ನಿಲ್ಲಿಸಿದೀವಿ. ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕ್ 90 ಲೀಟರ್, ಸಿಂಕು-ಸ್ನಾನದ ಗ್ರೇ ಟ್ಯಾಂಕ್ 110. ಮನೆಯ ಸೆಪ್ಟಿಕ್ ಟ್ಯಾಂಕಿಗೇ ಬಿಡೋದು. ಖಾಲಿ ಮಾಡಿದ ಮೇಲೂ ಮೀಟರ್ ಮುಕ್ಕಾಲು ತೋರಿಸ್ತದೆ. ಮಳೆ ಹಿಡಿದ ಮೇಲೆ ಬಾತ್‌ರೂಮಲ್ಲಿ ನಾತ. ಯಾವ ಕೆಮಿಕಲ್ ಹಾಕೋದು?

ಸಕಲೇಶಪುರ ಪ್ಲಾಂಟರ್: ಬ್ಲ್ಯಾಕ್ ವಾಲ್ವ್ ತೆರೆದಿಟ್ಟು ಬಳಸಬೇಡಿ. ನಮ್ಮ ಗಾಡೀಲಿ ಹಾಗೆ ಮಾಡಿ, ರಿಪೇರಿಗೆ ಒಟ್ಟು 11,400 ರೂಪಾಯಿ ಹೋಯ್ತು. ಗಲೀಜು ಎಳೆಯೋ ಸಕ್ಕಿಂಗ್ ಲಾರಿ ಎರಡು ಸಲ, ಒಂದಕ್ಕೆ 3,500. ವಾಲ್ವ್ ಸೀಲ್ ಸೆಟ್ 1,150. ಪ್ಲಂಬರ್‌ಗೆ 1,800. ಹೊಸ ಹೋಸ್ 1,450. ವಾಲ್ವ್ ತೆರೆದಿದ್ರೆ ನೀರು ಹರಿದುಹೋಗ್ತದೆ, ಗಟ್ಟಿ ಮಾತ್ರ ಕಮೋಡಿನ ನೇರ ಕೆಳಗೆ ಹುತ್ತದ ಹಾಗೆ ಬೆಳೆದು ಕೂರ್ತದೆ. ಲಾರಿ ಎಷ್ಟು ಎಳೆದ್ರೂ ಬರಲಿಲ್ಲ. ಕೊನೆಗೆ ಕರಗಿದ್ದು ನೀರಿಗೇ. ವಾಲ್ವ್ ಮುಚ್ಚಿ ಮುಕ್ಕಾಲು ಟ್ಯಾಂಕ್ ಬೆಚ್ಚಗಿನ ನೀರು, 24 ಗಂಟೆ ನೆನೆಸಿ ಬಿಡೋದು, ಹೀಗೆ ಮೂರು ಸಲ. ಕುದಿಯೋ ನೀರು ಹಾಕಿದ್ರೆ ಪ್ಲಾಸ್ಟಿಕ್ ಜಾಯಿಂಟ್ ಕೈಕೊಡ್ತದೆ. ಟ್ಯಾಂಕ್ ಮೂರನೇ ಎರಡು ಭಾಗ ತುಂಬೋವರೆಗೂ ಬಿಡಬಾರದು, ನೀರಿನ ರಭಸಕ್ಕೇ ಗಸಿ ಎದ್ದು ಹೋಗೋದು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪು ನೀರಲ್ಲಿ ಹೋಸ್ ತೊಳೆದುಹೋಗ್ತದೆ. ಎಲ್ಲಾ ಮುಚ್ಚಿ, ಯಾರೂ ಬಳಸೋ ಮೊದಲೇ 10–12 ಲೀಟರ್ ನೀರು ತಳಕ್ಕೆ. ಕೆಮಿಕಲ್ಲಿಗಿಂತ ಈ ನೀರು ಮುಖ್ಯ ಕಣ್ರೀ.

ಹಾಸನ ವ್ಯಾನ್ ವರ್ಕ್: ಮೀಟರ್ ಕೆಟ್ಟಿರಲ್ಲ. ಟ್ಯಾಂಕಿನ ಗೋಡೇಲಿ ಮೊಳೆ ತರಹದ ಪ್ರೋಬ್ ಇರ್ತಾವೆ; ಪೇಪರು, ಜಿಡ್ಡು ಅಂಟಿಕೊಂಡ್ರೆ ನೀರಿಲ್ಲದಿದ್ರೂ ಕರೆಂಟ್ ಹರಿದು ತುಂಬಿದೆ ಅಂತ ತೋರಿಸ್ತದೆ. 30 ಲೀಟರ್ ನೀರಿಗೆ ಅರ್ಧ ಲೋಟ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಕೊಟ್ಟಿಗೆಹಾರದ ಕಡೆ ತಿರುವು ರಸ್ತೇಲಿ ಒಂದು ಗಂಟೆ ಓಡಿಸಿ ತಂದು ಬಿಡಿ. ಐಸ್ ಹಾಕಿ ಓಡಿಸಿದ್ರೆ ಕೆರೆಯುತ್ತೆ ಅಂತಾರಲ್ಲ, ಹೆಚ್ಚೇನೂ ಆಗಲ್ಲ. ಪೇಪರ್ ಬೇಗ ಕರಗೋದನ್ನೇ ತನ್ನಿ. ಎರಡು ಹಾಳೆ ಬಾಟ್ಲಿ ನೀರಿಗೆ ಹಾಕಿ ಜೋರಾಗಿ ಕುಲುಕಿ, ಚಿಂದಿ ಆಗದಿದ್ರೆ ಟ್ಯಾಂಕಲ್ಲೂ ಆಗಲ್ಲ. ವೆಟ್ ವೈಪ್ಸ್ ಅಂತೂ ವಾಲ್ವಿನ ಬ್ಲೇಡಿಗೇ ಸಿಕ್ಕೊಳ್ತದೆ. ಆಮೇಲೆ ಸೀಲಿಗೆ ಗ್ರೀಸು, ವ್ಯಾಸಲೀನ್ ಹಚ್ಚಿದ್ರೆ ರಬ್ಬರ್ ಊದಿಕೊಳ್ತದೆ. ಸಿಲಿಕೋನ್ ಗ್ರೀಸ್ ಮಾತ್ರ.

ಆಲ್ದೂರು ಕಾಫಿ: ನೀಲಿ ಕೆಮಿಕಲ್ ಹಾಕಿ ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕೇ ಸತ್ತುಹೋಯ್ತು. ಬಾಟ್ಲಿ ಹಿಂದೆ ಫಾರ್ಮಾಲ್ಡಿಹೈಡ್ ಅಂತ ಬರೆದಿತ್ತು. ಅದು ನಾತ ತಡೆಯೋದೇ ಬ್ಯಾಕ್ಟೀರಿಯಾ ಕೊಂದು. ಅಂಥ 90 ಲೀಟರ್ ವಾರಕ್ಕೆರಡು ಸಲ ಮನೆ ಗುಂಡಿಗೆ ಬಿಟ್ರೆ ಅಲ್ಲಿ ಕೊಳೆಸೋದು ಯಾರು? ಗಸಿ ಕೊಳೀದೆ ಇಂಗುಗುಂಡಿಗೆ ನುಗ್ಗಿ ಮಣ್ಣಿನ ರಂಧ್ರ ಮುಚ್ಚಿತು. ಹೊಸ ಇಂಗುಗುಂಡಿಗೆ 46,000 ಆಯ್ತು, ಜಲ್ಲಿ ಸಾಗಿಸಿದ ಟ್ರ್ಯಾಕ್ಟರ್ ಬಾಡಿಗೆ ಬೇರೆ. ಎನ್‌ಜೈಮ್ ಪುಡಿ ಹಾಕಿ. ಚಳಿಗೆ ಅದು ನಿಧಾನ, 15 ಡಿಗ್ರಿಗಿಂತ ಕೆಳಗೆ ಹೆಚ್ಚು ನಂಬಬೇಡಿ.

ಬೇಲೂರು ಟ್ರಾವೆಲ್ಸ್: ಇಷ್ಟೆಲ್ಲ ಯಾಕೆ ಮಾರಾಯ್ರೆ, ಅರ್ಧ ಲೀಟರ್ ಬ್ಲೀಚಿಂಗ್ ಸುರಿದು ಅರ್ಧ ಗಂಟೆ ಬಿಟ್ರೆ ಮುಗೀತು. ನಮ್ಮ ಮೂರು ಗಾಡೀಲೂ ಅದೇ.

ಹಾಸನ ವ್ಯಾನ್ ವರ್ಕ್: ಬೇಲೂರಿನವರೇ, ಇದನ್ನ ಇಲ್ಲಿ ಹೇಳಬೇಡಿ. ಮೂತ್ರದ ಅಮೋನಿಯಾಕ್ಕೆ ಬ್ಲೀಚ್ ಸೇರಿದ್ರೆ ಕ್ಲೋರಮೈನ್ ಗ್ಯಾಸ್ ಏಳ್ತದೆ. ಟಾಯ್ಲೆಟ್ ತೊಳೆಯೋ ಆಸಿಡ್ ಸೇರಿದ್ರೆ ಕ್ಲೋರಿನ್ನೇ. ನಾಲ್ಕಡಿ ಅಗಲದ ಬಾತ್‌ರೂಮಲ್ಲಿ ಕೂತವರ ಗತಿ ಏನು? ಕಟ್ಟಿದ ಕಲೆ ಬಿಡಿಸೋಕೆ 20 ಲೀಟರ್ ನೀರಿಗೆ ಕಾಲು ಕೆಜಿ ಸಿಟ್ರಿಕ್ ಆಸಿಡ್ ಸಾಕು, ರಾತ್ರಿ ನೆನೆಸಿ. ಬ್ಲೀಚ್ ಹಾಕಿದ ಟ್ಯಾಂಕಿಗೆ ಮಾತ್ರ ಅದನ್ನೂ ಹಾಕಬೇಡಿ.

ಬೇಲೂರು ಟ್ರಾವೆಲ್ಸ್: ನಾಲ್ಕು ವರ್ಷದಿಂದ ಏನೂ ಆಗಿಲ್ಲ. ವರ್ಕ್‌ಶಾಪಿನವರು ಹೆದರಿಸಿ ಸೀಲ್ ಮಾರೋದೇ ಆಯ್ತು.

ಸಕಲೇಶಪುರ ಪ್ಲಾಂಟರ್: ಆ ಸೀಲ್ ಗಟ್ಟಿಯಾಗಿ ಬಿರುಕು ಬಿಡೋದೂ ಬ್ಲೀಚಿಂದಲೇ. ನಮ್ಮ 1,150ಕ್ಕೆ ಕಾರಣ ಅದೇ ಅಂತ ಪ್ಲಂಬರ್ ಬಿಚ್ಚಿ ತೋರಿಸಿದ. ಅಂಚೆಲ್ಲ ಸುಣ್ಣ ಹಿಡಿದ ಹಾಗೆ ಬೆಳ್ಳಗಾಗಿ, ಉಗುರಿಂದ ಗೀರಿದ್ರೆ ಪುಡಿ ಉದುರ್ತಿತ್ತು.

ಕಳಸದ ಹೋಂಸ್ಟೇ: ಮಳೇಲಿ ನಾತ ಅಂದ್ರೆ ಮೊದಲು ಮೇಲೆ ಹತ್ತಿ ನೋಡಿ. ಛಾವಣಿಯ ವೆಂಟ್ ಪೈಪಲ್ಲಿ ಕಡಜದ ಗೂಡು, ಸಿಲ್ವರ್ ಓಕ್ ಎಲೆ ಸೇರಿಕೊಂಡ್ರೆ ಗ್ಯಾಸ್ ಕಮೋಡಿಂದಲೇ ಬರ್ತದೆ. ಬಕೆಟ್ ನೀರು ಮೇಲಿಂದ ಬಿಟ್ಟು, ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದ್ರೆ ಆಯ್ತು, 40 ರೂಪಾಯಿ. ಒರತೆ ಎದ್ದು ಮನೆ ಗುಂಡಿ ತುಂಬಿದ್ರೆ ಹೋಸಲ್ಲಿ ವಾಪಸ್ ಉಕ್ಕುತ್ತೆ. ಮುಚ್ಚಳ ತೆಗೆದು ಮಟ್ಟ ನೋಡಿಯೇ ವಾಲ್ವ್ ಎಳೀರಿ, ಮುಖ ಬಗ್ಗಿಸಬೇಡಿ. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕನ್ನಡಕ. ಟ್ಯಾಂಕ್ ತೊಳೆಯೋ ಪೈಪು ಕುಡಿಯೋ ನೀರಿನ ನಲ್ಲಿಗೆ ಯಾವತ್ತೂ ತಾಗಬಾರದು.

ಬೇಲೂರು ಟ್ರಾವೆಲ್ಸ್: ಸೆಪ್ಟಿಕ್ ಕಟ್ಟಿಕೊಂಡ್ರೆ ಲೈನ್ ಮನೆಯ ತೋಟದ ಕೆಲಸದವರಲ್ಲಿ ಒಬ್ಬರನ್ನ ಗುಂಡಿಗೆ ಇಳಿಸಿ ಕೋಲಲ್ಲಿ ಕದಡಿಸಿದ್ರೆ ಲಾರಿ ಖರ್ಚೂ ಉಳೀತದೆ.

ಆಲ್ದೂರು ಕಾಫಿ: ಇಳಿಸಿ ಅಂದ್ರೆ ಏನ್ರೀ? ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿ ತಳದಲ್ಲೇ ಕೂತಿರ್ತದೆ. ಗಾಳಿಯ ಹತ್ತು ಲಕ್ಷ ಪಾಲಲ್ಲಿ ಅದು ನೂರು ಪಾಲು (100 ಪಿಪಿಎಂ) ದಾಟಿದ್ರೆ ಮೂಗೇ ಸತ್ತು ವಾಸನೆ ಗೊತ್ತಾಗಲ್ಲ. ಇಳಿದವನು ಬೀಳ್ತಾನೆ, ಎತ್ತೋಕೆ ಇಳಿದವನೂ ಬೀಳ್ತಾನೆ. ಮಲ ಹೊರೋ ಕೆಲಸ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸೋದು ಅಪರಾಧ. 3,500ಕ್ಕೆ ಒಬ್ಬರ ಜೀವ ಇಡ್ತೀರಾ?

ಬೇಲೂರು ಟ್ರಾವೆಲ್ಸ್: ಸರಿ, ಆ ಮಾತು ವಾಪಸ್ ತಗೊಂಡೆ. ಆದ್ರೆ ಲಾರಿ ಮಳೆಗಾಲದಲ್ಲಿ ತೋಟದ ರಸ್ತೆಗೆ ಬರಲ್ಲ, ಅದಕ್ಕೇನು ಮಾಡ್ತೀರಿ?

ಕಳಸದ ಹೋಂಸ್ಟೇ: ಮೇ ತಿಂಗಳಲ್ಲೇ ಎತ್ತಿಸಬೇಕು. ಗಸಿ ಗುಂಡಿಯ ಮೂರನೇ ಒಂದು ಭಾಗ ಬಂದ್ರೆ ಕಾಯಬಾರದು.

ಸಕಲೇಶಪುರ ಪ್ಲಾಂಟರ್: ನಾವು ಗ್ರೇ ನೀರನ್ನ ರೊಬಸ್ಟಾ ಕಾಫಿ ಗಿಡದ ಬುಡಕ್ಕೆ ಬಿಡ್ತೀವಿ, ಗುಂಡಿಗೆ ಭಾರ ಕಮ್ಮಿ.

ಆಲ್ದೂರು ಕಾಫಿ: ಬ್ಲ್ಯಾಕ್ ತೊಳೆದ ಹೋಸಲ್ಲೇ ಬಿಡ್ತೀರಲ್ಲ, ಅದು ಗ್ರೇ ಹೇಗಾಯ್ತು? ಉದುರಿದ ಹಣ್ಣನ್ನ ಆ ಬುಡದಲ್ಲೇ ಬರಿಗೈಲಿ ಆರಿಸ್ತಾರೆ.

ಸಕಲೇಶಪುರ ಪ್ಲಾಂಟರ್: ಗ್ರೇಗೆ ಬೇರೆ ಪೈಪ್ ಇದೆ, ಒಂದೂವರೆ ಇಂಚಿಂದು. ಹೋಸ್ ತೊಳೆಯೋಕೆ 20 ಲೀಟರ್ ಮಾತ್ರ ಗುಂಡಿ ಕಡೆ, ಉಳಿದದ್ದು ತೋಟಕ್ಕೆ. ಹಣ್ಣು ಆರಿಸೋ ತಿಂಗಳು ಅದನ್ನೂ ನಿಲ್ಲಿಸಿರ್ತೀವಿ. ಗೊತ್ತಿಲ್ಲದೆ ಮಾತಾಡಬೇಡಿ.

ಆಲ್ದೂರು ಕಾಫಿ: ಅದನ್ನ ಮೊದಲೇ ಬರೀಬೇಕಿತ್ತು. ನೀವು ಬರೆದಿದ್ದು ಓದಿ ಇನ್ನೊಬ್ಬರು ಬ್ಲ್ಯಾಕಿನ 3 ಇಂಚಿನ ಹೋಸನ್ನೇ ಹಳ್ಳದ ಕಡೆ ತಿರುಗಿಸ್ತಾರೆ, ಅದು ಹೋಗಿ ಸೇರೋದು ಹೇಮಾವತಿಗೆ.