ದೊಡ್ಡಪ್ಪ ಕಳಿಸಿದ ಫಾರ್ವರ್ಡ್

ದೊಡ್ಡಪ್ಪ: (ಫಾರ್ವರ್ಡ್ ಆಗಿದ್ದು) ಐದು ವರ್ಷದೊಳಗಿನ ಮಗುವಿಗೆ ಮೊಬೈಲ್ ಕೊಡುವ ತಾಯಿ ವಿಷ ಕೊಟ್ಟಂತೆ! ಹಿಂದಿನ ತಾಯಂದಿರು ಚಂದಮಾಮನನ್ನು ತೋರಿಸಿ ಉಣಿಸುತ್ತಿದ್ದರು. ಈಗಿನವರಿಗೆ ಸೋಮಾರಿತನ. ಹತ್ತು ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ಬೆಂಗಳೂರಲ್ಲಿರೋ ಹೆಣ್ಮಕ್ಕಳು ಓದ್ಕೊಳ್ಳಿ.

ನಾನು: ಇದು ನನಗೇ ಅಂತ ಗೊತ್ತಾಯ್ತು ದೊಡ್ಡಪ್ಪ. ಭಾನುವಾರ ಪುಟ್ಟ ಮೊಬೈಲ್ ನೋಡ್ಕೊಂಡು ಊಟ ಮಾಡಿದ್ದು ನೋಡಿದ್ರಲ್ಲ.

ದೊಡ್ಡಪ್ಪ: ನೋಡಿ ಸಂಕಟ ಆಯ್ತಮ್ಮ. ಮೂರು ವರ್ಷದ ಕೂಸು, ಬಾಯಿಗೆ ಏನು ಹೋಗ್ತಿದೆ ಅಂತಾನೇ ಅದಕ್ಕೆ ಗೊತ್ತಿಲ್ಲ.

ಅಣ್ಣ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು ಇಷ್ಟು. 2 ವರ್ಷದೊಳಗೆ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು. ವಿಷ ಅಂತ ಎಲ್ಲೂ ಇಲ್ಲ.

ದೊಡ್ಡಪ್ಪ: ಒಂದು ಗಂಟೆ ಅಂತ ಶುರುವಾಗಿದ್ದು ಒಂದು ಗಂಟೆಗೆ ನಿಲ್ಲುತ್ತಾ?

ನಾನು: ನಿಲ್ತಿಲ್ಲ. ನಮ್ಮನೇಲಿ ಎರಡು ಗಂಟೆ ದಾಟುತ್ತೆ. ಆಫೀಸಿಂದ ಬರೋವಾಗ ಏಳೂವರೆ. ಕುಕ್ಕರ್ ಇಡೋಣ ಅಂದ್ರೆ ಮಗು ಕಾಲಿಗೆ ಸುತ್ಕೊಳ್ಳುತ್ತೆ, ಒಲೆ ಹತ್ರ ಬರುತ್ತೆ. ತಪ್ಪು ಅಂತ ಗೊತ್ತಿದ್ದೇ ಮೊಬೈಲ್ ಕೊಡ್ತೀನಿ. ಸೋಮಾರಿತನ ಅನ್ಬೇಡಿ.

ದೊಡ್ಡಮ್ಮ: ನಾವೂ ನಾಲ್ಕು ಮಕ್ಕಳನ್ನ ಸಾಕಿಲ್ವಾ ಮಗಳೇ?

ನಾನು: ನೀವು ಸಾಕುವಾಗ ಮನೇಲಿ ಅಜ್ಜಿ ಇದ್ರು, ಸೋದರತ್ತೆ ಇದ್ರು, ಹಿತ್ತಲಿತ್ತು. ನೀವು ಮುದ್ದೆ ಕಟ್ಟುವಾಗ ಮಗು ಯಾರದ್ದೋ ಸೊಂಟದ ಮೇಲಿರ್ತಿತ್ತು. ನಮ್ಮ ಬಾಲ್ಕನಿಗೆ ಎದುರು ಬಿಲ್ಡಿಂಗ್ ಗೋಡೆ ಬಿಟ್ರೆ ಏನೂ ಕಾಣಲ್ಲ ದೊಡ್ಡಮ್ಮ, ಚಂದಮಾಮನ್ನ ಎಲ್ಲಿಂದ ತೋರಿಸ್ಲಿ?

ಚಿಕ್ಕಮ್ಮ: ಅಂಗನವಾಡಿ ಮುಗಿಸ್ಕೊಂಡು ಈಗ ಬಂದೆ. ಮೊಬೈಲ್ ವಿಷಯ ಆಮೇಲೆ. ಪುಟ್ಟ ಮಲಗೋದು ಎಷ್ಟೊತ್ತಿಗೆ?

ನಾನು: ಹನ್ನೊಂದು. ವ್ಯಾನ್ ಬರುತ್ತೆ ಅಂತ ಆರೂವರೆಗೆ ಎಬ್ಬಿಸ್ತೀನಿ. ಮಧ್ಯಾಹ್ನ ಒಂದು ಗಂಟೆ ಮಲಗ್ತಾನೆ.

ಚಿಕ್ಕಮ್ಮ: ಎಂಟೂವರೆ ಗಂಟೆ ಆಯ್ತು. ಆ ವಯಸ್ಸಿಗೆ ಹಗಲು ನಿದ್ದೆ ಸೇರಿ 10ರಿಂದ 13 ಗಂಟೆ ಬೇಕು ಕಣೇ. ನಿದ್ದೆಗೆಟ್ಟ ಮಗು ಹಟ ಮಾಡುತ್ತೆ, ಹಟ ಮಾಡಿತು ಅಂತ ಮೊಬೈಲ್ ಕೊಡ್ತೀವಿ, ಮೊಬೈಲ್ ಹಿಡಿದ್ರೆ ಮಲಗೋದು ಇನ್ನೂ ತಡ. ನನ್ನ ಕೇಂದ್ರಕ್ಕೆ ಬೆಳಿಗ್ಗೆನೇ ಅಳ್ತಾ ಬರೋ ಮಕ್ಕಳ ಮನೇಲಿ ವಿಚಾರಿಸಿದ್ರೆ ಹೆಚ್ಚಾಗಿ ಇದೇ ಕತೆ. ನೀನೆಷ್ಟು ಮಲಗ್ತೀಯ?

ನಾನು: ಐದು ಗಂಟೆ.

ನಾನು: ಕೆಲವು ದಿನ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ ಚಿಕ್ಕಮ್ಮ. ಯಾರಿಗೂ ಹೇಳಿರ್ಲಿಲ್ಲ.

ದೊಡ್ಡಮ್ಮ: ಅಯ್ಯೋ ನನ್ನ ಕಂದ.

ಚಿಕ್ಕಮ್ಮ: 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿಗೆ ಕಷ್ಟ ಆದಾಗ ಮಾತಾಡೋಕೆ ಇರೋ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡ್ತಾರೆ, ನಡುರಾತ್ರಿ ಮಾಡಿದ್ರೂ ನಡೆಯುತ್ತೆ. ನಾಳೆ ಅಂತ ಮುಂದಕ್ಕೆ ಹಾಕ್ಬೇಡ. ಬಾವ, ನಿಮ್ಮ ಫಾರ್ವರ್ಡಲ್ಲಿ ತಾಯಿ ಎರಡು ಸಲ ಬಂದಿದ್ದಾಳೆ, ತಂದೆ ಒಂದು ಸಲವೂ ಇಲ್ಲ.

ದೊಡ್ಡಪ್ಪ: ಅವರೂ ದುಡಿದು ಸುಸ್ತಾಗಿ ಬಂದಿರ್ತಾರಲ್ಲಮ್ಮ.

ಅಣ್ಣ: ಇವಳೂ ದುಡಿದೇ ಬಂದಿರ್ತಾಳೆ ದೊಡ್ಡಪ್ಪ.

ದೊಡ್ಡಪ್ಪ: ಆಯ್ತು. ಆದ್ರೂ ಮೊಬೈಲ್ ಕೆಟ್ಟದ್ದೇ, ಆ ಮಾತು ನಾನು ಬಿಡಲ್ಲ.

ಚಿಕ್ಕಮ್ಮ: ಬಿಡ್ಬೇಡಿ. ಅಳಿಯಂದ್ರೇ, ಓದ್ತಿದ್ದೀರ ಅಂತ ಗೊತ್ತು. ನೀವು ಮನೆ ಸೇರೋದು ಎಷ್ಟೊತ್ತಿಗೆ?

ಮನೆಯವರು: ಏಳೂಮುಕ್ಕಾಲು, ಅತ್ತೆ.

ಚಿಕ್ಕಮ್ಮ: ಬಂದ ತಕ್ಷಣ ಮಗೂನ ಕೆಳಗೆ ಕರ್ಕೊಂಡು ಹೋಗಿ, ಅರ್ಧ ಗಂಟೆ ಓಡಾಡ್ಲಿ. ಎಂಟೂಕಾಲಿಗೆ ನೀವೇ ಉಣಿಸಿ, ಇಬ್ಬರ ಫೋನೂ ಬೀರು ಮೇಲಿರ್ಲಿ. ಒಂಬತ್ತೂವರೆಗೆ ದೀಪ ಆರಿಸಿ.

ಮನೆಯವರು: ನಾನು ಉಣಿಸಿದ್ರೆ ತಿನ್ನಲ್ಲ ಅತ್ತೆ.

ಚಿಕ್ಕಮ್ಮ: ಎಷ್ಟು ದಿನ ಉಣಿಸಿ ನೋಡಿದ್ದೀರ?

ಮನೆಯವರು: ಇವತ್ತಿಂದ ನೋಡ್ತೀನಿ.

ಚಿಕ್ಕಮ್ಮ: ಅನ್ನ, ತಿಳಿಸಾರು, ಒಂದು ಚಮಚ ತುಪ್ಪ. ಅರ್ಧ ಚೆಲ್ಲುತ್ತೆ, ಚೆಲ್ಲಲಿ.

ದೊಡ್ಡಪ್ಪ: ಶನಿವಾರ ಬರ್ತೀನಿ. ನಿಮ್ಮ ದೊಡ್ಡಮ್ಮನ್ನ ಹದಿನೈದು ದಿನ ಅಲ್ಲೇ ಬಿಟ್ಟು ಬರ್ತೀನಿ.

ದೊಡ್ಡಮ್ಮ: ನೀವೂ ಇರಿ. ಸಂಜೆ ಪುಟ್ಟನ್ನ ಪಾರ್ಕಿಗೆ ಕರ್ಕೊಂಡು ಹೋಗೋರು ಯಾರು?