ಬಂಡೆ ಯಾರದ್ದೋ, ಗ್ಯಾಸ್ ಯಾರದ್ದೋ

“ಒಂದು ಬಂಡೆಗೋಸ್ಕರ ಎರಡು ದೇಶ ಕಿತ್ತಾಡುತ್ತವಾ? ಸುಮ್ನೆ ರೀಲು ಬಿಡಬೇಡ,” ಎಂದ ಸೀನ.

“ಥಾಯ್ಲೆಂಡ್ ಕೊಲ್ಲಿಯಲ್ಲಿ ಲೋಸಿನ್ ಅಂತ ಒಂದಿದೆ ಕಣಯ್ಯ,” ಎಂದ ಮೂರ್ತಿ. “ನೀರಿನ ಮೇಲೆ ಕಾಣೋದು ಸುಮಾರು ಒಂದೂವರೆ ಮೀಟರ್. ನೆತ್ತಿಯ ಮೇಲೊಂದು ದೀಪಸ್ತಂಭ. ಇದು ದ್ವೀಪ, ಇಲ್ಲಿಂದಲೇ ಗಡಿ ಅಳೆಯಿರಿ ಅಂತ ಥಾಯ್ಲೆಂಡ್. ದ್ವೀಪವೂ ಇಲ್ಲ ಗೀಪವೂ ಇಲ್ಲ, ಬರೀ ಬಂಡೆ ಅಂತ ಮಲೇಷ್ಯಾ. ಜಗಳ ಬಂಡೆಗಲ್ಲ, ಸಮುದ್ರದಡಿ ಇರೋ ಗ್ಯಾಸಿಗೆ.”

“ನಮ್ಮ ಸೀನ ಅದಕ್ಕಿಂತ ಎತ್ತರ ಇದ್ದಾನೆ. ಇವನಿಂದಲೂ ಗಡಿ ಅಳೆಯಬಹುದು,” ಎಂದಳು ಗಿರಿಜ.

“ಅದಕ್ಕೆ ಒಳಗೆ ಗ್ಯಾಸ್ ಇರಬೇಕಲ್ವಾ?” ಎಂದ ಸೀನ.

“ನಿನಗೆ ಅದರ ಕೊರತೆ ಯಾವತ್ತೂ ಆಗಿಲ್ಲ ಬಿಡು.”

ಮೂರ್ತಿ ನಗು ತಡೆದುಕೊಂಡು ಮುಂದುವರಿಸಿದ. 1979ರಲ್ಲಿ ಇಬ್ಬರೂ ಕೂತು ಮಾತಾಡಿದರಂತೆ. ಗಡಿ ಜಗಳ ಹಾಗೇ ಇರಲಿ, ಸುಮಾರು 7,250 ಚದರ ಕಿಲೋಮೀಟರ್ ಸಮುದ್ರ 50 ವರ್ಷ ಇಬ್ಬರಿಗೂ ಸೇರಿದ್ದು. ಖರ್ಚೂ ಅರ್ಧ, ಲಾಭವೂ ಅರ್ಧ.

“ಯಾಕೆ, ಅವರವರ ಕಡೆ ಅವರವರು ಕೊರೆದುಕೊಂಡರೆ ಆಯ್ತಪ್ಪ,” ಎಂದ ಸೀನ.

“ಪಕ್ಕದವನು ಬೋರ್ ಕೊರೆಸಿದರೆ ನಿನ್ನ ಬೋರ್ ಒಣಗಲ್ವಾ? ಗ್ಯಾಸೂ ಹಾಗೇ, ಒತ್ತಡ ಕಮ್ಮಿ ಇರೋ ಕಡೆಗೆ ಹರಿಯುತ್ತೆ. ಇರಾನ್, ಕತಾರ್ ನಡುವೆ ಇರೋದು ಜಗತ್ತಿನಲ್ಲೇ ದೊಡ್ಡ ಗ್ಯಾಸ್ ನಿಕ್ಷೇಪ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಎಳೀತಾನೇ ಇದ್ದಾರೆ.”

“ಮಲೇಷ್ಯಾದವರದ್ದು ಏನಾಯ್ತು?”

“2005ರಲ್ಲಿ ಗ್ಯಾಸ್ ಬಂತು.”

“26 ವರ್ಷ! ಅಷ್ಟರಲ್ಲಿ ಮಗು ಹುಟ್ಟಿ, ಇಂಜಿನಿಯರ್ ಆಗಿ, ಬಂದು ತಾನೇ ಕೊರೆಯಬಹುದಿತ್ತು,” ಎಂದಳು ಗಿರಿಜ.

ಇನ್ನೂ ಮಜಾ ಕೇಳಿ. ಗ್ಯಾಸಿಗೆ ಗೆರೆ ಬೇಡ ಅಂದವರು ಕಳ್ಳರಿಗೆ ಮಾತ್ರ ಒಂದು ಗೆರೆ ಎಳೆದಿದ್ದಾರೆ. ಅಪರಾಧ ಗೆರೆಯ ಆಚೆ ನಡೆದರೆ ಒಬ್ಬರ ಕೇಸು, ಈಚೆ ನಡೆದರೆ ಇನ್ನೊಬ್ಬರದ್ದು. ಜೊತೆಗೆ, ಈ ಗೆರೆ ಗಡಿ ಅಲ್ಲ ಅಂತಲೂ ಬರೆದುಕೊಂಡಿದ್ದಾರೆ!

“ಇವರೇ ವಾಸಿ,” ಎಂದ ಮೂರ್ತಿ. “ತಿಮೋರ್ ಸಮುದ್ರ ಹಂಚಿಕೊಳ್ಳೋ ಒಪ್ಪಂದಕ್ಕೆ 1989ರಲ್ಲಿ ಆಸ್ಟ್ರೇಲಿಯಾ, ಇಂಡೋನೇಷ್ಯಾ ಮಂತ್ರಿಗಳು ವಿಮಾನದಲ್ಲಿ, ಅದೇ ಸಮುದ್ರದ ಮೇಲೆ ಹಾರುತ್ತಾ ಸಹಿ ಹಾಕಿದರು. ಶಾಂಪೇನ್ ಬೇರೆ. ಆಗ ಇಂಡೋನೇಷ್ಯಾ ಹಿಡಿತದಲ್ಲಿದ್ದ ಪೂರ್ವ ತಿಮೋರ್ ಜನರನ್ನ ಒಂದು ಮಾತೂ ಕೇಳಲಿಲ್ಲ.”

“ಆಮೇಲೆ?”

“ಪೂರ್ವ ತಿಮೋರ್ ಸ್ವತಂತ್ರ ಆಯ್ತು. 2018ರಲ್ಲಿ ಆಸ್ಟ್ರೇಲಿಯಾ ಜೊತೆ ಗಡಿಯೂ ತೀರ್ಮಾನ ಆಯ್ತು. ಅಲ್ಲಿನ ಗ್ರೇಟರ್ ಸನ್‌ರೈಸ್ ಅನ್ನೋ ನಿಕ್ಷೇಪದ ಗ್ಯಾಸ್ ಪೈಪು ತಿಮೋರ್‌ಗೆ ಬಂದರೆ ಆದಾಯದಲ್ಲಿ ತಿಮೋರ್ ಪಾಲು ನೂರಕ್ಕೆ 70, ಆಸ್ಟ್ರೇಲಿಯಾಕ್ಕೆ ಹೋದರೆ ತಿಮೋರ್‌ಗೇ 80.”

“ಅಂದರೆ ಜಗಳ ಮುಗೀತು!”

“ಗಡಿ ಜಗಳ ಮುಗೀತು. ಪೈಪು ಯಾವ ಕಡೆಗೆ ಅನ್ನೋದು ಶುರುವಾಯ್ತು.”